ತಾಟು ತಿಕ್ಕಿದ್ದಕ್ಕೆ ಪುರಾವೆ

ಐವತ್ತರ ದಶಕದ ಕೊನೆಗೆ ನಾನು ಮದುವೆಯಾಗಿ ಗಜೇಂದ್ರಗಡದಿಂದ ರೋಣಕ್ಕೆ ಬಂದಾಗ ಜೊತೆಗೆ ಒಂದು ಸ್ಟೀಲಿನ ತಾಟು ಬಂತು. ಓಣಿಯಲ್ಲಿ ಅದೇ ಮೊದಲ ಸ್ಟೀಲು ಎಂದು ಬರೆಯಲು ಕೈ ಹೋಗುತ್ತದೆ. ಮೊದಲನೆಯದೋ ಮೂರನೆಯದೋ, ನಾನೇನು ಮನೆಮನೆ ಹೊಕ್ಕು ನೋಡಿರಲಿಲ್ಲ. ಸೀಗೆಪುಡಿ ಹಾಕಿ ಮೆತ್ತನೆಯ ಅರಿವೆಯಿಂದ ತೊಳೆ, ಸವುಳು ನೀರಿನ ಕಲೆ ಕೂರುವ ಮೊದಲೇ ಒರೆಸು ಎಂದು ಅವ್ವ ಹೇಳಿ ಕಳಿಸಿದ್ದಳು. ಹಾಗೇ ಮಾಡಿದೆ.

ಅತ್ತೆಯ ಮನೆಯಲ್ಲಿ ಉಳಿದದ್ದೆಲ್ಲ ಹಿತ್ತಾಳೆ, ತಾಮ್ರ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದರೆ ಕಪ್ಪು ತಂಬಿಗೆ ಹೊಳೆಯುತ್ತಿತ್ತು. ಸೊಸೆ ದುಡಿದದ್ದು ಕಣ್ಣಿಗೆ ಕಾಣುತ್ತಿತ್ತು. ಅತ್ತೆ ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿ ಒಳಗೆ ಬಿಡುವರು. ತಾಟಿಗೆ ಬಂದಾಗ ಅವರ ಕೈ ನಿಂತಿತು.

“ಇದನ್ನ ತಿಕ್ಕೀಯೇನ?”

“ತಿಕ್ಕೀನ್ರಿ ಅತ್ತಿ.”

“ನಿನ್ನೇನೂ ಹಿಂಗ ಇತ್ತು.”

“ಅದು ಕಪ್ಪ ಆಗಂಗಿಲ್ರಿ.”

“ಕಪ್ಪ ಆಗಲಾರದ್ದನ್ನ ಏನ ತಿಕ್ಕಿದಿ ಮತ್ತ? ಪಂಚಮಿಗೆ ಕರಿಯಾಕ ನಿಮ್ಮಣ್ಣ ಬರ್ತಾನ. ಕೆಲಸಗಳ್ಳಿನ್ನ ನಾ ಕಳಸಂಗಿಲ್ಲ ನೋಡು.”

ಮದುವೆಯಾದ ಮೇಲಿನ ಮೊದಲ ನಾಗರಪಂಚಮಿ. ತವರಿಗೆ ಹೋಗದಿದ್ದರೆ ಜೀವವೇ ಹೋದಂತೆ. ಅದು ಪಂಚಮಿಯೇ ಹೌದೇ? ಶೇಂಗಾ ಉಂಡಿ ನೆನಪಿದೆ, ಆದ್ದರಿಂದ ಪಂಚಮಿ. ನನ್ನ ಬಳಿ ಇರುವ ಆಧಾರ ಇಷ್ಟೇ.

ಮರುದಿನ ತಾಟಿನ ಅಂಚಿಗೆ ಬೇಕೆಂದೇ ಚಿಟಿಕೆ ಬೂದಿ ಉಳಿಸಿದೆ.

“ತೊಳದ ಇಲ್ಲಲ್ಲ! ಬೂದಿ ಹಂಗ ಐತಿ!”

“ತಿಕ್ಕೀನಿ ಅಂತ ಗೊತ್ತಾಗಲಿ ಅಂತ ಬಿಟ್ಟೀನ್ರಿ.”

“ಅಲ್ಲಬೇ, ರೊಟ್ಟಿ ಬಡದೀನಿ ಅಂತ ಗೊತ್ತಾಗಲಿ ಅಂತ ಹಿಟ್ಟಿನಾಗ ಒಡದ ಬಳಿ ಚೂರ ಬಿಡ್ತೀಯೇನ?”

ನನಗೆ ಸಿಟ್ಟು ಬಂತು. ಮೂರನೆಯ ದಿನ ಇಟ್ಟಂಗಿ ಪುಡಿ, ತೆಂಗಿನ ನಾರು ಹಿಡಿದು ಕೂತೆ. ತಾಟಿನ ಮೇಲೆ ತೀರಿಸಿಕೊಂಡದ್ದು ಯಾರ ಮೇಲಿನ ಸಿಟ್ಟೋ, ಈಗ ಕೇಳಬೇಡಿ. ಮುಖ ಕಾಣುತ್ತಿದ್ದ ತಾಟಿನ ತುಂಬ ಗೀರು, ಗೀರು. ಹೊಳಪು ಸತ್ತು ಬೂದುಬಣ್ಣಕ್ಕೆ ತಿರುಗಿತು.

ಅತ್ತೆ ಅದನ್ನು ಬಿಸಿಲಿಗೆ ಹಿಡಿದರು. ಮುಖ ಅರಳಿತು.

“ಈಗ ನೋಡು, ತಿಕ್ಕಿದಂಗ ಕಾಣತೈತಿ!”

ಅಣ್ಣ ಬಂದಾಗ ತಕರಾರಿಲ್ಲದೆ ಕಳಿಸಿಕೊಟ್ಟರು. ಅಷ್ಟೇ ಅಲ್ಲ, ಸೊಸೆ ಎಂಥ ದುಡಿಮೆಗಾರ್ತಿ ಎಂದು ಬೀಗರಿಗೂ ತಿಳಿಯಲಿ ಎಂದು ಅದೇ ತಾಟಿನಲ್ಲಿ ಉಂಡಿ ಇಟ್ಟು, ಅರಿವೆ ಕಟ್ಟಿ ಕೊಟ್ಟರು.

ಗಜೇಂದ್ರಗಡದಲ್ಲಿ ಅವ್ವ ಅರಿವೆ ಬಿಚ್ಚಿದಳು. ಉಂಡಿಯ ಸುತ್ತ ಕಂಡ ಗೀರುಗಳನ್ನು ಬೆರಳಿನಿಂದ ಸವರಿದಳು. ನನ್ನ ಅಂಗೈ ಹಿಡಿದು ತಿರುಗಿಸಿದಳು.

“ತಾಟ ಹಿಂಗ ಆಗೈತಿ ಅಂದ್ರ ನನ್ನ ಮಗಳ ಗತಿ ಏನವ್ವಾ! ಎಷ್ಟ ದುಡಸ್ತಾಳ ನಿನ್ನ ಆಕಿ?”

ಅದು ಒಂದೇ ಮುಂಜಾನೆಯ ಕೆಲಸ ಎಂದು ಹೇಳಲು ಬಾಯಿ ತೆರೆದೆ.

“ಲಗೂ ಹೋಗೂದ ಬ್ಯಾಡ. ಇನ್ನ ಎಂಟ ದಿನ ಆರಾಮ ಇದ್ದು ಹೋಗು,” ಅಂದಳು.

ತೆರೆದ ಬಾಯಿಗೆ ಉಂಡಿ ಹಾಕಿಕೊಂಡೆ.