ಪುಟ್ಟಣ್ಣನವರ ಮನುಕುಲ

ಪೀಣ್ಯದ ಹತ್ತಿರದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಆಯುಷ್ಯವೆಲ್ಲ ಲೇತ್ ಮೆಷಿನ್ನಿನ ಮುಂದೆ ಕಳೆದು ನಿವೃತ್ತರಾದ ಪುಟ್ಟಣ್ಣನವರು, ಚಿಕ್ಕಬಾಣಾವರದಲ್ಲಿ ಮನೆ ಕಟ್ಟಿಸಿದ ಮೇಲೆ ಇಡೀ ಬ್ರಹ್ಮಾಂಡದ ಉಸ್ತುವಾರಿ ವಹಿಸಿಕೊಂಡರು. ಬಡಾವಣೆಯ ಸಂಘದ ಸಭೆಯಲ್ಲಿ ಚರಂಡಿಯ ಮಾತು ಎದ್ದರೆ ಸಾಕು, "ಈ ವಿಶ್ವದಲ್ಲಿ ಭೂಮಿ ಒಂದು ಸಾಸಿವೆ ಕಾಳೂ ಅಲ್ಲ ಕಣ್ರೀ, ಅದ್ರಲ್ಲಿ ನಿಮ್ಮ ಚರಂಡಿ ಯಾವ ಲೆಕ್ಕ?" ಎನ್ನುತ್ತಿದ್ದರು. ಮನುಕುಲವೆಲ್ಲ ಒಂದೇ, ಅದು ಒಟ್ಟಾಗಿ ಮಂಗಳ ಗ್ರಹಕ್ಕೆ ಹೋಗಿ ನೆಲೆಸಬೇಕು ಎಂಬುದು ಅವರ ಸಿದ್ಧಾಂತ. ಚರಂಡಿ ಮಾತ್ರ ಇಲ್ಲೇ ನಾರುತ್ತಿತ್ತು.

2010ರ ಜನವರಿಯ ಸೂರ್ಯಗ್ರಹಣಕ್ಕೆ ಅವರು ಮನೆಮನೆಗೆ ಹೋಗಿ ಕರೆದರು. ವೆಲ್ಡಿಂಗ್ ಗಾಜು ತಂದಿಟ್ಟಿದ್ದೇನೆ, ನಮ್ಮ ತಾರಸಿಗೆ ಬನ್ನಿ, ಮೂಢನಂಬಿಕೆ ಬಿಡಿ. ಎಲ್ಲರೂ ಧಾರಾಳವಾಗಿ ತಲೆಯಾಡಿಸಿದರು. ಒಬ್ಬರೇ ಆಕಾಶ ನೋಡಿ ನೋಡಿ ಪುಟ್ಟಣ್ಣನವರಿಗೆ ಸಾಕಾಗಿತ್ತು. ಜೊತೆಗೆ ನಿಂತು ಒಬ್ಬರಾದರೂ 'ಆಹಾ' ಅಂದರೆ ಸಾಕೆಂದು ಜೀವ ಹಾತೊರೆಯುತ್ತಿತ್ತು.

ಅವತ್ತು ಬೀದಿಯ ಬಾಗಿಲುಗಳೆಲ್ಲ ಬಂದ್. ಹೆಂಡತಿ ವೆಂಕಟಲಕ್ಷ್ಮಿಯೇ ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಇಟ್ಟು ಜಪಕ್ಕೆ ಕೂತರು. ಪುಟ್ಟಣ್ಣನವರು ಹಸಿದ ಹೊಟ್ಟೆಯಲ್ಲಿ ತಾರಸಿ ಹತ್ತಿದರು.

ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡಕ್ಕೆ ಗ್ರಹಣ ತಾಗಿರಲಿಲ್ಲ, ಮೇಸ್ತ್ರಿ ರಜೆ ಕೊಟ್ಟಿರಲಿಲ್ಲ. ಬಾಗಲಕೋಟೆ ಕಡೆಯ ಕೂಲಿ ಹೆಂಗಸು ಶೇಖವ್ವ ಸಿಮೆಂಟಿನ ಬಾಂಡ್ಲಿ ಕೆಳಗಿಟ್ಟು ಅಂಚಿಗೆ ಬಂದಳು. "ಏನ್ ನೋಡಾಕತ್ತೀರಿ ಸಾಹೇಬ್ರ?"

ಬೇರೆ ಗತಿಯಿಲ್ಲದೆ ಅವರು ಗಾಜು ಚಾಚಿದರು. ಅವಳು ಬಹಳ ಹೊತ್ತು ನೋಡಿದಳು.

"ಯವ್ವಾ! ಸೂರ್ಯಪ್ಪನ್ನ ಯಾರೋ ಕಚ್ಚಿ ತಿಂದಂಗ ಐತಲ್ರಿ!"

ಪುಟ್ಟಣ್ಣನವರಿಗೆ ಹುರುಪು ಬಂತು. ಮಂಗಳ, ರಾಕೆಟ್ಟು, ಮುಂದೆ ಅಲ್ಲಿ ಏಳಲಿರುವ ಊರುಗಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು.

"ಹಂಗಾದ್ರ ಅಲ್ಲಿ ಮನಿ ಕಟ್ಟಾಕ ನಮ್ಮನ್ನೂ ಒಯ್ತೀರೇನ್ರಿ?"

"ಅದಕ್ಕೆಲ್ಲ ಮೆಷಿನ್ ಇರುತ್ತಮ್ಮ."

"ಮತ್ತ ನಾವು?"

ಸಿದ್ಧಾಂತದಲ್ಲಿ ಇದಕ್ಕೆ ಜಾಗವಿರಲಿಲ್ಲ. "ಗಾಜು ಹುಷಾರು, ಒರೆಸಿ ಕೊಡು" ಎಂದರು.

ಭಾನುವಾರ ಸಂಘದ ಸಭೆ ಅವರ ಮನೆಯ ಅಂಗಳದಲ್ಲೇ ಸೇರಿತು. ಕಾಂಪೌಂಡಿನಾಚೆ ಶೇಖವ್ವ ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದಳು. ಯಾರೋ ಗ್ರಹಣ ಹೇಗಿತ್ತೆಂದು ಕೇಳಿದರು. ತನ್ನ ಸುದ್ದಿ ಈಗ ಬರುತ್ತದೆಂದು ಅವಳು ಸಾಹೇಬರ ಕಡೆ ನೋಡಿ ನಕ್ಕು, ಪೈಪು ಹಿಡಿದೇ ನಿಂತಳು.

"ಏನ್ ಹೇಳೋದು ಸಾರ್," ಎಂದರು ಪುಟ್ಟಣ್ಣನವರು, ನಿಜವಾದ ದುಃಖದಿಂದ. "ಅಷ್ಟೊತ್ತು ಕಾದೆ. ಒಂದು ನರಪಿಳ್ಳೆನೂ ಬರ್ಲಿಲ್ಲ ಕಣ್ರೀ."