ಬೇರಿಂಗಿಗೆ ಬಿದ್ದ ತೀರ್ಥ

ಹಾನಗಲ್ಲಿನ ನಮ್ಮ ಮನೆಯ ಹಿತ್ತಲಿನಲ್ಲಿ ಅಣ್ಣನ ವರ್ಕ್‌ಶಾಪು ಇದೆ. ಸವೆದ ಇಂಜಿನ್ ಬೇರಿಂಗ್‌ಗಳನ್ನು ಮತ್ತೆ ಕೆಲಸಕ್ಕೆ ಬರುವಂತೆ ಮಾಡುವುದು ಅವನ ಕಸುಬು. ಹಳೆಯ ಪದರವನ್ನು ಕರಗಿಸಿ ತೆಗೆದು, ಕಾಯಿಸಿದ ಬಿಳಿ ಲೋಹವನ್ನು ಎರೆದು, ಅದು ಆರಿದ ಮೇಲೆ ಒಳಗೆ ತಿರುಗುವ ಶಾಫ್ಟಿಗೆ ಹೊಂದುವವರೆಗೆ ಕೈಯಿಂದಲೇ ಕೆರೆಯುತ್ತಿದ್ದ. ಶಾಲೆಯ ಶಿಕ್ಷಕಿಯ ನೌಕರಿ ಬಿಟ್ಟ ಮೇಲೆ ನಾನು ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತು, ದಿನಪತ್ರಿಕೆಯ ವಾಕ್ಯದೋಷಗಳನ್ನು ಗಟ್ಟಿಯಾಗಿ ತಿದ್ದುತ್ತಿದ್ದೆ.

“ಅಕ್ಕೋರ, ಬಾಯಿಗೆ ಒಂದೀಟ ಎಣ್ಣಿ ಬಿಟ್ಕೋರಿ. ಭಾಳ ಕಿರುಗುಡಾಕತ್ತೇತಿ,” ಎಂದು ಅಣ್ಣ, ಶಾಲೆಯ ಮಕ್ಕಳು ಕರೆಯುವಂತೆಯೇ ಕರೆದು ಛೇಡಿಸುತ್ತಿದ್ದ.

ಚಿಕ್ಕೇರೂರಿನ ಹಿಟ್ಟಿನ ಗಿರಣಿಯ ಯಜಮಾನರು ತಮ್ಮ ಹಳೆಯ ಡೀಸೆಲ್ ಇಂಜಿನ್ನಿನ ಬೇರಿಂಗ್ ತಂದದ್ದು ಅಮಾವಾಸ್ಯೆಯಂದು. ನಮ್ಮ ಸೀಮೆಯಲ್ಲಿ ಯಂತ್ರಗಳಿಗೆ ಪೂಜೆ ಸಲ್ಲುವ ದಿನವದು. ಅಣ್ಣ ಪೂಜೆಗೆ ಅಡ್ಡಿಪಡಿಸುವವನಲ್ಲ. ಎರೆಯುವ ಮುನ್ನ ಮಾತ್ರ ಕೂಡದು ಎನ್ನುತ್ತಿದ್ದ. ಕಾದ ಲೋಹಕ್ಕೆ ಹನಿ ನೀರು ತಗಲಿದರೂ ಅದು ಸಿಡಿಯುತ್ತದೆ.

“ಮೊದಲ ಪೂಜಿ ಆಗಲಿಲ್ಲಂದ್ರ ಹೆಂಗ್ರಿ? ಮನ್ಯಾಗ ಕೇಳ್ತಾರ,” ಎಂದರು ಯಜಮಾನರು.

“ಆಮ್ಯಾಲ ಕೊಡಗಟ್ಟಲೆ ಸುರುವ್ರಿ. ಈಗ ಬ್ಯಾಡ.”

ಲೋಹ ಸೋರದಂತೆ ಬೇರಿಂಗಿನ ಸಂದುಗಳಿಗೆ ಜೇಡಿಮಣ್ಣು ಮೆತ್ತಿ, ಬೆಂಕಿ ತೋರಿಸಿ ಒಣಗಿಸಿದ ಅಣ್ಣ, ಸೌಟಿನಲ್ಲಿ ಲೋಹ ತರಲು ಒಲೆಯತ್ತ ತಿರುಗಿದ. ಯಜಮಾನರು ನನಗೆ ಬೆನ್ನು ಹಾಕಿ ನಿಂತಿದ್ದರು. ಕೈ ಮುಗಿಯುತ್ತಿದ್ದಾರೆ ಎಂದುಕೊಂಡೆ. ನಿಜಕ್ಕೂ ಅವರು ಮನೆಯಿಂದ ತಂದ ತೀರ್ಥವನ್ನು ಹೂವಿನಿಂದ ಬೇರಿಂಗಿನ ಮೇಲೆ ಚಿಮುಕಿಸುತ್ತಿದ್ದರು. ಅದು ಸದ್ದಿಲ್ಲದೆ ಮಣ್ಣಿನೊಳಗೆ ಇಳಿಯಿತು. ಅಣ್ಣ ಬಂದು, ಬಾಗಿ, ಎರೆದ.

ಲೋಹ ಮುಖಕ್ಕೆ ಸಿಡಿದಾಗ ಅವನ ರಕ್ಷಣೆಯ ಕನ್ನಡಕ ಗೋಡೆಯ ಮೊಳೆಗೆ ತೂಗುತ್ತಿತ್ತು.

ಬಲಗಣ್ಣು ಹೋಯಿತು. ಎಡಗಣ್ಣಾದರೂ ಉಳಿಯಿತಲ್ಲ ಎಂದು ಬಂದವರೆಲ್ಲ ಸಮಾಧಾನ ಹೇಳಿದರು. ಆದರೆ ಸೌಟಿನ ತುದಿಗೂ ಬೇರಿಂಗಿನ ಬಾಯಿಗೂ ಇರುವ ಅಂತರ ಒಂದೇ ಕಣ್ಣಿಗೆ ಸರಿಯಾಗಿ ತಿಳಿಯದು. ಅಣ್ಣನಿಗಾದರೋ ಬೇರೆ ಕಸುಬು ಬಾರದು.

ಗಾಯ ಮಾಯ್ದ ಮೇಲೆ, ಅರ್ಧಕ್ಕೆ ನಿಂತಿದ್ದ ಬೇರಿಂಗನ್ನು ಮುಗಿಸಿಕೊಡಲೆಂದು ಅವನೇ ಯಜಮಾನರನ್ನು ಕರೆಸಿದ. ಅವರು ಹೊಸ್ತಿಲು ದಾಟಲಿಲ್ಲ.

“ನನ್ನ ಕೈಯಿಂದ ಆತ್ರಿ ಇದು.”

“ಬೇಕಂತ ಮಾಡೀರೇನು? ಒಳಗ ಬರ್ರಿ, ಕುಂತ್ಕೋರಿ.” ಆಮೇಲೆ ನನ್ನತ್ತ ತಿರುಗಿದ. “ಅಕ್ಕೋರ, ಇವತ್ತರ ನಿಮ್ಮ ಬಾಯಿ ಕೆಲಸಕ್ಕ ಬರ್ಲಿ. ಸೌಟು ಎಲ್ಲಿಗೆ ಬಂತು, ಹೇಳ್ರಿ.”

ಅವನು ಸೌಟಿನಲ್ಲಿ ಕಾದ ಲೋಹ ತಂದು ಬೇರಿಂಗಿನ ಮೇಲೆ ಬಾಗಿದ. “ಇನ್ನೊಂದೀಟ ಮುಂದ, ಅಣ್ಣಾ,” ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಧಾರೆ ಬೇರಿಂಗಿನ ಈಚೆಗೆ, ನೆಲಕ್ಕೆ ಬಿತ್ತು. ಮತ್ತೊಮ್ಮೆ ಎರೆದ. ಈ ಸಲ ಆಚೆಗೆ ಬಿತ್ತು. ನೆಲದ ಮೇಲೆ ಅದು ಹೊಳಪು ಕಳೆದುಕೊಂಡು ಗಟ್ಟಿಯಾಗುವುದನ್ನು ಮೂವರೂ ನೋಡುತ್ತ ನಿಂತೆವು.

ಅಣ್ಣ ಒಲೆ ಆರಿಸಿದ. ಬೇರಿಂಗನ್ನು ಒರೆಸಿ, ಒಣಬಟ್ಟೆಯಲ್ಲಿ ಸುತ್ತಿ ಯಜಮಾನರ ಕೈಗಿಟ್ಟ.

“ಶಿಗ್ಗಾವ್ಯಾಗ ಒಬ್ಬಾಂವ ಎರೀತಾನ, ಅಲ್ಲಿಗೆ ಒಯ್ರಿ,” ಎಂದ. “ತೀರ್ಥ ಮಾತ್ರ ಮನ್ಯಾಗ ಇಟ್ಟ ಹೋಗ್ರಿ.”