ಪತ್ತೆ ಮಂತ್ರದ ಕೆಂಪು ಬಾಣಗಳು

ತಮಿಳುನಾಡಿನ ಪಲ್ಲಡದಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿಂದೆ ಮಾಲೀಕರ ಪವರ್‌ಲೂಮ್ ಶೆಡ್ ಇತ್ತು. ಭಾನುವಾರ ಮಗ್ಗಗಳು ನಿಲ್ಲುತ್ತಿದ್ದವು. ಅವತ್ತು ಮಧ್ಯಾಹ್ನ ಊಟ ಮುಗಿಸಿ ನಾಲ್ಕು ಜನ ಅಲ್ಲಿ ಕೂತು ರಾಕ್ಷಸರನ್ನು ಕೊಲ್ಲುತ್ತಿದ್ದೆವು. ಒಬ್ಬೊಬ್ಬರೂ ಒಂದು ಪಾತ್ರ ಕಟ್ಟಿಕೊಂಡು, ದಾಳ ಉರುಳಿಸಿ, ಬಾಯಲ್ಲೇ ಕಥೆ ನಡೆಸುವ ಆಟ. ನಡೆಸುವವನು ನಾನು. ಕೋಟೆ, ಗುಹೆ, ಸೇತುವೆ ಎಲ್ಲವೂ ಮೊಟ್ಟೆಯ ಟ್ರೇಗಳು. ಕೋಳಿ ಫಾರಮ್ಮುಗಳ ಆ ಊರಿನಲ್ಲಿ ಟ್ರೇಗೆ ಬರವಿರಲಿಲ್ಲ.

ಆಡುವವರಲ್ಲಿ ಒಬ್ಬ ನನ್ನ ರೂಮ್‌ಮೇಟ್, ಹಾವೇರಿ ಕಡೆಯವನು. ನಾವಿಬ್ಬರೂ ತಿರುಪ್ಪೂರಿನ ಒಂದೇ ಬನಿಯನ್ ಯೂನಿಟ್ಟಿನಲ್ಲಿ ಚೆಕಿಂಗ್ ಕೆಲಸದವರು. ಇನ್ನಿಬ್ಬರು ಮನೆ ಮಾಲೀಕರಾದ ಅಣ್ಣ ಮತ್ತು ಅಕ್ಕ, ಗಂಡ ಹೆಂಡತಿ. ತಲೆಮಾರುಗಳಿಂದ ಅಲ್ಲೇ ನೇಯುತ್ತ ಬಂದ ಕನ್ನಡದ ಮನೆಯವರು. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಹಾಗಾಗಿ ತಮ್ಮ ಪಾತ್ರಗಳ ವಿವರವನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡಿದ್ದರು. ಅಣ್ಣನಿಗೆ ಮಗ್ಗದ ಸದ್ದನ್ನು ಮೀರಿಸಿ ಮಾತಾಡಿ ಅಭ್ಯಾಸ. ಆಟದಲ್ಲಿ ಶತ್ರುವಿನ ಹಿಂದೆ ಬಚ್ಚಿಟ್ಟುಕೊಂಡಾಗಲೂ "ನಾ ಒಳಿದ್ಕೊಂಡಿದೀನಿ ತಂಬಿ" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ಈ ಆಟದಲ್ಲಿ ಪ್ರತಿ ಪಾತ್ರಕ್ಕೂ ಅಲೈನ್‌ಮೆಂಟ್ ಎಂಬುದೊಂದಿದೆ. ಅಂದರೆ ಆಸಾಮಿ ಒಳ್ಳೆಯವನೋ ಕೆಟ್ಟವನೋ ಎಂಬ ಷರಾ. ಪತ್ತೆ ಮಂತ್ರ ಎಂಬುದೂ ಇದೆ. ಯಾರ ಮೇಲೆ ಹಾಕಿದರೂ ಅವರೊಳಗಿನ ಕೇಡು ಗೊತ್ತಾಗುತ್ತದೆ. ಕೇಡು ಅಂದರೆ ಏನು ಎಂಬುದರ ಬಗ್ಗೆ ನಮ್ಮಲ್ಲಿ ನಾಲ್ಕು ವಾರ ಜಗಳ ನಡೆಯಿತು. ಕೊನೆಗೆ ನಾನು ನನ್ನ ಕಸುಬಿನ ಪ್ರಕಾರವೇ ನಿಯಮ ಮಾಡಿದೆ. ಯೂನಿಟ್ಟಿನಲ್ಲಿ ಬನಿಯನ್ನಿನ ತಪ್ಪು ಕಂಡಲ್ಲಿ ಸಣ್ಣ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುತ್ತೇವೆ. ಇಲ್ಲೂ ಹಾಗೆಯೇ: ಪಾತ್ರ ತಪ್ಪು ಮಾಡಿದಾಗಲೆಲ್ಲ ನನ್ನ ಬಳಿಯಿರುವ ಅದರ ಹಾಳೆಗೆ ಒಂದು ಬಾಣ. ಹತ್ತು ದಾಟಿದರೆ ಮಂತ್ರದ ಲೆಕ್ಕದಲ್ಲಿ ಅವನು ಕೆಟ್ಟವನು. ಹಾಳೆಯನ್ನು ಬೇರೆ ಯಾರೂ ನೋಡುವಂತಿಲ್ಲ. ಎಲ್ಲರೂ ಒಪ್ಪಿದರು. ಇಷ್ಟು ನ್ಯಾಯವಾದ ನಿಯಮ ಇನ್ನೆಲ್ಲೂ ಇರಲಾರದು ಎಂದು ನಾನು ನಂಬಿದ್ದೆ.

ಆಗಲೇ ಯೂನಿಟ್ಟಿನಲ್ಲಿ ಚೆಕಿಂಗ್ ಇನ್‌ಚಾರ್ಜ್ ಜಾಗ ಖಾಲಿಯಾಯಿತು. ಅದು ನನಗೇ ಬರುತ್ತದೆಂದು ಊರಿಗೆ ಫೋನ್ ಮಾಡಿ ಹೇಳಿಯೂ ಆಗಿತ್ತು. ಬಂದದ್ದು ರೂಮ್‌ಮೇಟಿಗೆ. ನಾನು ಅವನ ಕೈಕುಲುಕಿದೆ, ಅವನು ಕೊಡಿಸಿದ ಬಿರಿಯಾನಿ ತಿಂದೆ, ಆಟ ಮುಂದುವರಿಸಿದೆ.

ಕೆಲವು ವಾರಗಳ ನಂತರ ಕಥೆಯಲ್ಲಿ ಒಂದು ಗುಹೆ ಬಂತು. ಗುಂಪಿನಲ್ಲಿ ಒಬ್ಬ ಕೆಟ್ಟವನಿದ್ದರೂ ಅದರ ಬಾಗಿಲು ತೆರೆಯುವುದಿಲ್ಲ. ತೆರೆಯಲಿಲ್ಲ. ಅಕ್ಕನ ಪಾತ್ರ ಒಬ್ಬ ಕಳ್ಳಿ. ದೇವಸ್ಥಾನದ ಗಂಟೆಯನ್ನೂ ಬಿಟ್ಟವಳಲ್ಲ. ಅನುಮಾನವೆಲ್ಲ ಅವಳ ಮೇಲೆಯೇ. ಅಣ್ಣನ ಯೋಧ ಇಡೀ ಗುಂಪಿನ ಮೇಲೆ ಪತ್ತೆ ಮಂತ್ರ ಹಾಕಿದ. ನಾನು ಹಾಳೆಗಳನ್ನು ನೋಡಿ, ಕಳ್ಳಿ ಒಳ್ಳೆಯವಳು, ವೈದ್ಯ ಕೆಟ್ಟವನು ಎಂದು ತೀರ್ಪು ಕೊಟ್ಟೆ. ವೈದ್ಯ ರೂಮ್‌ಮೇಟಿನ ಪಾತ್ರ. ಕಥೆಯುದ್ದಕ್ಕೂ ಊರೂರು ತಿರುಗಿ ಗಾಯ ವಾಸಿ ಮಾಡಿದವನು.

"ವೈದ್ಯರಾ?" ಎಂದರು ಅಣ್ಣ. ಅವರು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ರೂಮ್‌ಮೇಟ್ ಹಾಳೆ ಕೇಳಿದ. ನಿಯಮದಲ್ಲಿ ಅವಕಾಶವಿಲ್ಲ ಎಂದೆ. ಅಕ್ಕ ಕೈಚಾಚಿ ಅದನ್ನು ಎಳೆದುಕೊಂಡು, "ನಾ ಕಳ್ಳಿ ತಾನೇ" ಎನ್ನುತ್ತಾ ಅವನಿಗೆ ಕೊಟ್ಟರು.

ಯೂನಿಟ್ಟಿನ ಅಭ್ಯಾಸದಂತೆ ಪ್ರತಿ ಬಾಣದ ಪಕ್ಕದಲ್ಲೂ ತಪ್ಪನ್ನೂ ತಾರೀಖನ್ನೂ ಬರೆದಿದ್ದೆ. ಅವನು ಗಟ್ಟಿಯಾಗಿ ಓದಿದ. ಕುದುರೆಗೆ ತಡವಾಗಿ ನೀರು ಕುಡಿಸಿದ. ರಾಕ್ಷಸನ ಗಾಯಕ್ಕೂ ಮದ್ದು ಹಚ್ಚಿದ. ಸೇತುವೆಯ ಮೇಲೆ ಎಲ್ಲರಿಗಿಂತ ಮೊದಲು ನಡೆದ. ಹೀಗೆ ಹತ್ತು. ಹನ್ನೊಂದನೆಯದು: ನಕ್ಕ.

"ಎಲ್ಲಾ ನಾ ಇನ್‌ಚಾರ್ಜ್ ಆದಮ್ಯಾಲಿನ ತಾರೀಖು," ಎಂದ. ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಎದ್ದು ಹೋದ.

ಮುಂದಿನ ಭಾನುವಾರ ಅವನು ಆಟಕ್ಕೆ ಬರಲಿಲ್ಲ. ಇಬ್ಬರಿಗೂ ಅನ್ನ ಮಾಡಿ, ನನಗೆ ಬಡಿಸಿ, "ನೀ ಹೋಗು, ತಡ ಆಕ್ಕತಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಯೂನಿಟ್ಟಿನ ಹತ್ತಿರ ಬೇರೆ ರೂಮ್ ಹುಡುಕುತ್ತಿದ್ದಾನೆಂದು ಆ ವಾರ ತಿಳಿಯಿತು. ಆ ಊರಿನಲ್ಲಿ ನನಗೆ ಇದ್ದ ಗೆಳೆಯ ಅವನೊಬ್ಬನೇ. ಅದನ್ನು ಹೇಳುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದೆ. ಅವನ ಅಂಗಿಗಳನ್ನೂ ಒಗೆದು ಇಸ್ತ್ರಿ ಮಾಡಿದೆ. ಅವನು ಥ್ಯಾಂಕ್ಸ್ ಅಂದ, ಅದು ಇನ್ನೂ ಕಷ್ಟವಾಯಿತು.

ಅದರ ಮುಂದಿನ ಭಾನುವಾರ ಅಕ್ಕ ಮಹಡಿಯ ಮೇಲಿನ ನಮ್ಮ ರೂಮಿಗೆ ಹತ್ತಿ ಬಂದು ಅವನನ್ನು ಕರೆದುಕೊಂಡೇ ಇಳಿದರು. ಅವನು ದಾಳ ಮುಟ್ಟದೆ ಮಗ್ಗದ ಪಕ್ಕ ಕೂತ.

"ತಂಬಿ, ನಿಮ್ ಕಂಪೆನೀಲಿ ಚೆಕಿಂಗ್ ಮಾಡೋರನ್ನ ಯಾರು ಚೆಕ್ ಮಾಡ್ತಾರೆ?" ಎಂದು ಅಕ್ಕ ನನ್ನನ್ನು ಕೇಳಿದರು.

"ಇನ್‌ಚಾರ್ಜ್," ಎಂದೆ. ಅಂದರೆ ಈಗ ಅವನೇ.

"ಶರಿ. ಇನ್ಮೇಲೆ ಪತ್ತೆ ಮಂತ್ರನ ಆಟ ನಡೆಸೋರ ಮೇಲೂ ಹಾಕ್ಬೋದು. ಕೇಳಿದ್ರೆ ನಿಜ ಹೇಳ್ಬೇಕು."

ಅಣ್ಣ ಕೈಯೆತ್ತಿ ಒಪ್ಪಿದರು. ಯೋಧನಿಗೆ ದಿನಕ್ಕೊಂದೇ ಮಂತ್ರ. ಅದನ್ನು ನನ್ನ ಮೇಲೆ ಖರ್ಚು ಮಾಡಿದರು. ಮೂವರೂ ನನ್ನ ಮುಖ ನೋಡುತ್ತ ಕೂತರು.

"ಕೇಡಿದೆ," ಎಂದೆ. ಅಷ್ಟಕ್ಕೆ ಯಾರೂ ಬಿಡಲಿಲ್ಲ. "ಆ ಜಾಗ ನನಗೆ ಬೇಕಿತ್ತು. ಹೊಟ್ಟೆಕಿಚ್ಚಿಗೆ ಬಾಣ ಅಂಟಿಸಿದೆ. ನೀನು ರೂಮ್ ಬಿಡಬೇಡ."

ಅವನು ಜೇಬಿನಿಂದ ಹಾಳೆ ತೆಗೆದು, ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಯೂನಿಟ್ಟಿನಲ್ಲಿ ಮಾಡುವ ಹಾಗೆಯೇ ಉಗುರಿನಿಂದ ಒಂದೊಂದೇ ಬಾಣ ಕಿತ್ತು ನನ್ನ ಅಂಗಿಯ ತೋಳಿಗೆ ಅಂಟಿಸತೊಡಗಿದ. ಕೊನೆಯದೊಂದನ್ನು ಹಾಳೆಯಲ್ಲೇ ಬಿಟ್ಟ.

"ಅದು?" ಎಂದೆ.

"ನೀ ರಾಕ್ಷಸನ ದನಿ ತಗದಾಗ ನಾ ನಕ್ಕಿದ್ದು ಖರೇನ ಐತಿ. ಅದು ನನ್ನ ಹತ್ರನ ಇರ್ಲಿ."

ನಾನು ತೋಳು ತಿರುಗಿಸಿ ಎಣಿಸಿದೆ. ಹತ್ತು. ನಿಯಮದ ಪ್ರಕಾರ ನಾನಿನ್ನೂ ಕೆಟ್ಟವನಾಗಿರಲಿಲ್ಲ. ಅವನು ದಾಳ ಕೈಗೆತ್ತಿಕೊಂಡು, ಗುಹೆಯ ಬಾಗಿಲು ಈಗಾದರೂ ತೆರೆಯಿತೇ ಎಂದು ಕೇಳಿದ.